ಉಪ್ಪು ತಿಂದ ಮಣ್ಣು

ಎವಾರಿಸ್ಟ್ ಅಂಕಲ್ ಮೂವತ್ತು ವರ್ಷ ಹಡಗಿನಲ್ಲಿ ಅಡಿಗೆ ಮಾಡಿ
ಈಗ ವೆಲ್ಸಾಂವ್‌ನ ಮನೆಯ ಗ್ಯಾರೇಜಿನಲ್ಲಿ ಕುರ್ಚಿ ಮಾಡುತ್ತಾರೆ.
ಇಲ್ಲಿಯವರೆಗೆ ಮೂರು.
ಮೂರೂ ಕುಂಟು.

ಹೊಸದಾಗಿ ಗರಗಸದ ಮೇಜು ಬಂದಿದೆ, ಎರಡು ಹಾರ್ಸ್‌ಪವರಿನದು.
ಗುಂಡಿ ಒತ್ತಿದರೆ ಸಾಕು, ಅಡಿಗೆಮನೆಯಲ್ಲಿ ಫ್ರಿಜ್ಜು ಬಿಕ್ಕುತ್ತದೆ,
ಸಾಯಬಿಣಿಯ ಮುಂದಿನ ಕೆಂಪು ಬಲ್ಬು ಕಣ್ಣು ಮುಚ್ಚಿ ತೆರೆಯುತ್ತದೆ.
"ಮುದುಕ ಶುರು ಮಾಡಿದ ಅಂತ ದೇವರಿಗೂ ಗೊತ್ತಾಯ್ತು"
ಎನ್ನುತ್ತಾರೆ ಎಸ್ಪೆರಾನ್ಸಾ ಆಂಟಿ.

ಚಪ್ಪಲಿ ಬಿಟ್ಟು ಬಾ ಮಗಾ, ಅಂದರು.
ಬಿಡಲಿಲ್ಲ. ರಬ್ಬರಿನ ಈ ಎರಡು ಹವಾಯಿ ಚಪ್ಪಲಿಯೇ
ವೈರ್‌ಮನ್ ಲೈಸನ್ಸಿನ ಹೆಂಗಸಿಗೆ ಇರುವ ವಿಮೆ.
ಗರಗಸದ ಮೈಗೆ ಟೆಸ್ಟರ್ ಮುಟ್ಟಿಸಿದೆ:
ಒಳಗೆ ಮಿಣುಕು, ಹಸಿದ ಬೆಕ್ಕಿನ ಕಣ್ಣಿನ ಹಾಗೆ.
"ಹೌದು, ಸ್ವಲ್ಪ ಚುರುಗುಟ್ಟುತ್ತದೆ, ಮಳೆಗಾಲದಲ್ಲಿ ಜಾಸ್ತಿ."
ಮನೆಯ ನಾಯಿ ಬಂದವರನ್ನು ಕಚ್ಚಿದರೆ ಹೇಳುವ ದನಿಯಲ್ಲೇ ಹೇಳಿದರು.

ಪ್ಲಗ್ಗಿನ ಪೆಟ್ಟಿಗೆ ಬಿಚ್ಚಿದೆ.
ತೂತು ಮೂರು, ತಂತಿ ಎರಡು.
ಮೂರನೆಯದರ ಹಿಂದೆ
ಜೇಡವೊಂದು ಸಂಸಾರ ಹೂಡಿತ್ತು.

ಮೀಟರಿನಿಂದ ನೇರ ಹೊಸ ದಾರಿ ಎಳೆದೆ, ನಾಲ್ಕು ಚದರದ ತಂತಿ,
ಗರಗಸಕ್ಕೇ ಬೇರೆ ಎಂಸಿಬಿ, ಕೈ ನಡುಗಿದರೂ ಕಾಯುವ ಇನ್ನೊಂದು ಯಂತ್ರ.
ದೀಪಕ್ಕೆ ಮಾತ್ರ ಬೇರೆಯೇ ದಾರಿ.
ಯಾಕೆ, ಖರ್ಚು ಯಾಕೆ, ಅಂದರು.
ಅಂಕಲ್, ಕರೆಂಟು ಹೋದ ಸುದ್ದಿ ಗರಗಸಕ್ಕೆ ತಡವಾಗಿ ಮುಟ್ಟುತ್ತದೆ.
ಕತ್ತಲಲ್ಲೂ ಅದು ತಿರುಗುತ್ತಿರುತ್ತದೆ,
ನಿಮ್ಮ ಕೈ ಎಲ್ಲಿದೆ ಎಂದು ನಿಮಗೇ ಕಾಣದ ಹೊತ್ತಿನಲ್ಲಿ.
ಅವರು ಎಡಗೈ ನೋಡಿಕೊಂಡರು. ಅಲ್ಲಿ ಬೆರಳು ನಾಲ್ಕೂವರೆ.
ಅರ್ಧ ಬೆರಳು ಯಾವುದೋ ಬಂದರಿನಲ್ಲಿ ಈರುಳ್ಳಿಯ ಜೊತೆ ಹೋಗಿತ್ತು.
ಮತ್ತೆ ಖರ್ಚಿನ ಮಾತೆತ್ತಲಿಲ್ಲ.

ಗುಂಡಿ ತೋಡಲು ಅವ್ವ ಬಂದಳು.
ವಾಸ್ಕೋದಲ್ಲಿ ಕೇಬಲ್ ಮಲಗಿರುವ ಕಾಲುವೆಗಳೆಷ್ಟೋ ಅವಳು ತೋಡಿದವು,
ಅವಳ ಗುಡಿಸಲಿಗೆ ಬೆಳಕು ಬಂದದ್ದು ಎಲ್ಲಕ್ಕಿಂತ ಕೊನೆಗೆ.
ಜಂಬಿಟ್ಟಿಗೆ ಕಲ್ಲು ಹಾರೆಗೆ ಕಿಡಿ ಕಾರಿತು.
ಎರಡು ದಿನ. ಎದೆಮಟ್ಟ, ತಲೆಮಟ್ಟ, ಆಮೇಲೆ ಬರೀ ದನಿ.
ತಾಮ್ರದ ತಗಡು ಇಳಿಸಿ
ಇದ್ದಿಲು, ಉಪ್ಪು, ಮತ್ತೆ ಇದ್ದಿಲು, ಮತ್ತೆ ಉಪ್ಪು.
"ಏನ ಇದು, ಉಪ್ಪಿನಕಾಯಿ ಹಾಕಾಕತ್ತೀಯೇನ?"
ಅಂದವಳೇ ಕೊಡ ಎತ್ತಿ ಬಗ್ಗಿಸಿದಳು:
"ಉಪ್ಪ ತಿಂದಾಕಿ ನೀರ ಕುಡೀಬೇಕಲ್ಲ."
ಐಟಿಐಯ ಮಾಸ್ತರು ಎರಡು ಪುಟ ಬರೆಸಿದ್ದು ಇಷ್ಟೇ.

ಬೇಸಿಗೆಯಲ್ಲಿ ವಾರಕ್ಕೊಂದು ಕೊಡ ಹಾಕಿ, ಅಂಕಲ್.
ಈ ಹಸಿರು ತಂತಿ ಏನು ಹೊರುತ್ತದೆ?
ಏನೂ ಇಲ್ಲ.
ವರ್ಷಗಟ್ಟಲೆ ಏನೂ ಇಲ್ಲ.
ಒಂದು ದಿನ, ಒಂದು ಕ್ಷಣ ಹೊರುತ್ತದೆ;
ನಿಮಗೆ ಕೇಳುವುದು ಟಕ್ಕೆಂಬ ಸದ್ದು ಮಾತ್ರ,
ಆಮೇಲೆ ನೀವು ಊಟಕ್ಕೆ ಹೋಗುತ್ತೀರಿ.

ಗರಗಸ ಎದ್ದಿತು. ಫ್ರಿಜ್ಜು ಬಿಕ್ಕಲಿಲ್ಲ.
ಸಾಯಬಿಣಿಯ ಬಲ್ಬು ರೆಪ್ಪೆ ಬಡಿಯಲಿಲ್ಲ.
ಹಲಸಿನ ಹಲಗೆ ಹಳದಿ ಹೊಟ್ಟು ಉಗುಳುತ್ತ ಎರಡಾಯಿತು.
ಅವ್ವ ಮೂರನೇ ಕುರ್ಚಿಯಲ್ಲಿ ಕೂತು ಸುಮ್ಮನೆ ತೂಗಿಕೊಳ್ಳುತ್ತಿದ್ದಳು,
ಕುಂಟು ಕಾಲೇ ಅವಳಿಗೆ ಹಿತವಾಗಿತ್ತು.

ಸಂಜೆಯ ಬಸ್ಸಿನಲ್ಲಿ, ಮಾಂಗೋರ್ ಗುಡ್ಡ ಕಾಣುವ ಹೊತ್ತಿಗೆ,
ಮಣ್ಣಾದ ಉಗುರು ಕೆರೆಯುತ್ತ ಕೇಳಿದಳು:
"ನಮ್ಮ ಮನ್ಯಾಗ ಐತೇನ, ಆ ಮೂರನೇದ್ದು?"

ನಾನು ಕಿಟಕಿಯ ಹೊರಗೆ ನೋಡಿದೆ.
ಚೀಲದಲ್ಲಿ ಇನ್ನೂ
ಅರ್ಧ ಕಿಲೋ ಉಪ್ಪು ಉಳಿದಿತ್ತು.