ಯಾರು ಬಂದರೆ ಅವರಿಗೆ

ಲಷ್ಕರ್ ಮೊಹಲ್ಲಾದ ಛತ್ರಿ ರಿಪೇರಿ ಅಂಗಡಿಯ ಮೇಲೆ
ನಮ್ಮ ಬ್ಯಾಂಡಿನ ಕೋಣೆ.
ಭಾನುವಾರ ಒಂಬತ್ತೂವರೆ ಎಂದರೆ ಹತ್ತೂಕಾಲು.
ಕೊಂಡು ತಂದ ಸ್ಕೋರಿನಲ್ಲಿ ಅರವತ್ತು ಜನ ಕೂತಿದ್ದಾರೆ:
ಓಬೋ ಇಬ್ಬರು, ಬಸೂನು ಇಬ್ಬರು, ಫ್ರೆಂಚ್ ಹಾರ್ನು ನಾಲ್ವರು.
ಓಬೋ ನಾನು ಚಿತ್ರದಲ್ಲಿ ನೋಡಿದ್ದೇನೆ.
ನನ್ನೆದುರು ಇರುವವರು ಒಂಬತ್ತು,
ಅದರಲ್ಲೂ ಒಬ್ಬ ಟೀ ತರಲು ಹೋಗಿದ್ದಾನೆ.

ಅದಕ್ಕೇ ಬರೆಯುತ್ತೇನೆ.
ಐದು ಗೆರೆಯ ಹಾಳೆ, ಮೊಂಡು ಪೆನ್ಸಿಲ್ಲು,
ಬೆರಳಿಗೂ ಸಿಗದಷ್ಟು ಸವೆದ ರಬ್ಬರು.
ಅರವತ್ತನ್ನು ಐದಕ್ಕೆ ಇಳಿಸುವುದು
ಹುಣಸೆಹಣ್ಣು ಹಿಂಡಿದ ಹಾಗೆ:
ಹಿಪ್ಪೆ ಹೋಗಬೇಕು, ಹುಳಿ ಹೋಗಬಾರದು.

ಒಂದನೇ ಪಾಲು: ಕೊಳಲು, ಅಥವಾ
ರಜೆಗೆ ಊರಿಗೆ ಹೋಗಿಲ್ಲದಿದ್ದರೆ ಕಾನ್ವೆಂಟಿನ ಪಿಟೀಲು ಹುಡುಗಿ.
ಎರಡನೆಯದು: ಚೌರಪ್ಪನ ಕ್ಲಾರಿನೆಟ್, ಅಥವಾ ಟ್ರಂಪೆಟ್,
ಇನಾಯತನ ಹಲ್ಲು ಆ ವಾರ ತೆಪ್ಪಗಿದ್ದರೆ.
ಮೂರು: ಆಲ್ಟೋ ಸ್ಯಾಕ್ಸು. ಭಾನುವಾರವೇ ಗಿರಾಕಿ ಜಾಸ್ತಿ,
ಸಲೂನು ಬಿಟ್ಟು ಮುದ್ದುರಂಗ ಬಂದರೆ ಉಂಟು.
ನಾಲ್ಕನೆಯದಕ್ಕೆ ಯಾರಾದರೂ.
ಐದು: ಟ್ಯೂಬಾ, ಅಥವಾ ಯೂಫೋನಿಯಂ, ಅಥವಾ
ಹಾರ್ಮೋನಿಯಮ್ಮಿನ ಎಡತುದಿಯ ಮನೆಗಳು.
ಸ್ಕೋರಿನ ಮೇಲೆ ನಮ್ಮ ಹೆಸರು ಬರೆಯುವುದಾದರೆ
'ಅಥವಾ ಬ್ಯಾಂಡ್' ಎಂದು ಬರೆಯಬಹುದು.

ಷಡ್ಜ ಒಂದೇ. ಆದರೆ ಕೊಳಲಿಗೆ ಬಿ-ಫ್ಲಾಟ್ ಎಂದು ಬರೆಯಬೇಕು,
ಕ್ಲಾರಿನೆಟ್ಟಿಗೆ ಸಿ, ಸ್ಯಾಕ್ಸಿಗೆ ಜಿ.
ಮನೆಯಲ್ಲಿ ಪುಟ್ಟು, ಹಾಜರಿಪುಸ್ತಕದಲ್ಲಿ ಪುಟ್ಟಸ್ವಾಮಿ,
ಬೀದಿಯಲ್ಲಿ ಇನ್ನೊಂದು.
ಮೂರು ಹೆಸರು ಹಿಡಿದು ಮೂವರು ಕೂಗುತ್ತಾರೆ,
ಓ ಅನ್ನುವವನು ಒಬ್ಬನೇ.
ಇದನ್ನು ತಪ್ಪು ಬರೆದಿದ್ದೆ ಒಮ್ಮೆ, ಬೀಗರೂಟದ ದಿನ.
ಆ ಸದ್ದಿನ ಬಗ್ಗೆ ಹೆಣ್ಣಿನ ಕಡೆಯವರು ಈಗಲೂ ಮಾತಾಡುತ್ತಾರಂತೆ.

ಟ್ಯೂಬಾ ಚಿಕ್ಕಬೋರಯ್ಯನದು. ಮಂಡ್ಯದಿಂದ ಷಟಲ್ ರೈಲಿನಲ್ಲಿ
ಅದನ್ನು ಮಡಿಲಲ್ಲಿ ಕೂರಿಸಿಕೊಂಡು ಬರುತ್ತಿದ್ದ.
ಪಾಂಡವಪುರದ ಹತ್ತಿರ ಟಿಕೆಟ್ಟಿನವರು ಲಗೇಜು ಚಾರ್ಜು ಕೇಳಿದರೆ
"ಇದ್ರೊಳ್ಗೆ ಏನೂ ಇಲ್ಲ ಸಾ, ಬೇಕಾರೆ ಇಣುಕ್ ನೋಡಿ" ಅನ್ನುವನು.
ಇಣುಕಿದವರಿಗೆ ಒಂದು ಸ್ವರ ಊದುವನು.

ಯುಗಾದಿ ಕಳೆದ ಮೇಲೆ ಫೋನು ಬಂತು:
"ಉಬ್ಸ ಕಣ್ ಮೇಷ್ಟ್ರೆ. ಮೆಟ್ಲು ಅತ್ತಕ್ಕೇ ಉಸುರಿಲ್ಲ,
ಇನ್ನ ಊದದೆಂಗೆ?"

ಅವನ ಪಾಲನ್ನು ಹರಿದು ಹಂಚಿದೆ.
ಎಲ್ಲರ ಹಾಳೆಯಲ್ಲೂ ಸಾಸಿವೆ ಗಾತ್ರದ ಸಣ್ಣ ಸ್ವರಗಳು,
ಮೇಲೆ ಸೂಚನೆ: ಟ್ಯೂಬಾ ಇಲ್ಲದಿದ್ದರೆ ಮಾತ್ರ.
ಇನಾಯತ್ ಎರಡು ಊದಿದ, ಮುದ್ದುರಂಗ ಮೂರು,
ಪಿಟೀಲು ಹುಡುಗಿ ಕೆಳಗಿನ ತಂತಿಯಲ್ಲಿ ಆದಷ್ಟು ತಡಕಿದಳು.
ಆದರೂ ಟ್ಯೂನು ಕಾಲು ನೆಲಕ್ಕೆ ಊರಲಿಲ್ಲ.
ಬಾಡಿಗೆ ಸ್ಟೂಲಿನ ಹಾಗೆ ಒಂದು ಕಡೆ ಕುಲುಕುತ್ತಲೇ ಇತ್ತು.

ಮೊನ್ನೆ ಹತ್ತೂಕಾಲಿಗೆ ಮೆಟ್ಟಿಲಲ್ಲಿ ಢಣ್ ಎಂದು ಲೋಹದ ಸದ್ದು.
ಟ್ಯೂಬಾ ತಾನೇ ಹತ್ತಿ ಬರುತ್ತಿತ್ತು,
ಅದರ ಕೆಳಗೆ ಎರಡು ಶಾಲೆಯ ಬೂಟು.
"ನಾನು ತನುಶ್ರೀ. ತಾತ ಕಳಿಸ್ತು.
ಎರಡೇ ಬರೋದು ಸಾರ್ ನಂಗೆ,
ಬೆರಳು ಒತ್ತದೇನೆ ಬರೋ ಎರಡು."

ಊದು ಎಂದೆ. ಕೆನ್ನೆ ಕೆಂಪಾಗಿಸಿ ಊದಿದಳು.
ಕಿಟಕಿಯ ಗಾಜು ಗುಂಯ್ ಎಂದಿತು,
ಕೆಳಗಿನ ಛತ್ರಿಯವನು ತಲೆ ಎತ್ತಿ ನೋಡಿದ.
ಬಿ-ಫ್ಲಾಟ್. ಆಮೇಲೆ ಎಫ್.
ಸ. ಪ.

ಸಣ್ಣ ಸ್ವರಗಳನ್ನೆಲ್ಲ ಒಂದೊಂದೇ ಅಳಿಸಿದೆ,
ಒಂಬತ್ತು ಹಾಳೆ, ಟೀ ಆರುವಷ್ಟು ಹೊತ್ತು.
ಹೊಸ ಹಾಳೆಯ ತಲೆಯಲ್ಲಿ ಬರೆದೆ:
ಐದನೇ ಪಾಲು, ತನುಶ್ರೀ.
ಅಥವಾ ಹಾಕಲಿಲ್ಲ.
ಕೆಳಗೆ ಎರಡೇ ಸ್ವರ, ದಪ್ಪಗೆ, ಪುಟದ ಕೊನೆತನಕ.

ಮುಂದಿನ ವಾರಕ್ಕೆ ಮೂರನೆಯದು ಕಲಿತು ಬರುತ್ತಾಳಂತೆ.
ಹೋಗುತ್ತಾ ಒಂದು ಹೊಸ ರಬ್ಬರು ಕೊಳ್ಳಬೇಕು.