ಖಾಲಿ ಹೆಸರು

ಭಾನುವಾರದ ಕೋಡಿಂಗ್ ಸ್ಪರ್ಧೆಗೆ ಈ ಸಲ ಲೆಕ್ಕ ಕಟ್ಟಿದವನು ನಾನೇ:
ಬೈತಖೋಲ ಬಂದರು, ದಕ್ಕೆ ಒಂದೇ, ಕಾದು ನಿಂತ ಬೋಟು ಏಳು.
ಯಾವುದನ್ನು ಮೊದಲು ಇಳಿಸಿದರೆ ಕೆಡುವ ಮೀನು ಕಡಿಮೆ?
ಬೆಳಗಾಗುವವರೆಗೆ ಸಮಯ.

ಲಾಗಿನ್ ಇರಲಿಲ್ಲ. ನಿಜ ಹೇಳಬೇಕೆಂದರೆ, ಮರೆತಿದ್ದೆ.
ಆಮೇಲೆ ಅದನ್ನೇ ತತ್ವವೆಂದು ಸಾಧಿಸಿದೆ
ರೇವಣಕರ ಮೇಡಂ ಎದುರು.

ನಲವತ್ತೊಂದು ಉತ್ತರ. ತಾವಾಗಿ ಹೆಸರು ಹಾಕಿದವರು ನಲವತ್ತು,
ಅದರಲ್ಲಿ ಒಂಬತ್ತು ಒಂದೇ ಅಚ್ಚಿನವು,
ತಪ್ಪಿದ ಅಲ್ಪವಿರಾಮವೂ ಒಂದೇ ಸಾಲಲ್ಲಿ.
ಹೆಸರಿಲ್ಲದ್ದು ಒಂದು. ರಾತ್ರಿ ಎರಡು ನಲವತ್ತಕ್ಕೆ
ಬಂದು ಹೋಗಿದೆ. ಹನ್ನೊಂದೇ ಸಾಲು.

ಎಲ್ಲರೂ ದೊಡ್ಡ ಬೋಟನ್ನು ಮೊದಲು ಕರೆದಿದ್ದರು ದಕ್ಕೆಗೆ.
ಇದು ಮಾತ್ರ ಕೊನೆಯ ಕಾಲಮ್ಮು ಓದಿತ್ತು,
ನಾನು ಅಂದಕ್ಕೆಂದು ತುಂಬಿದ್ದ ಮೀನಿನ ಜಾತಿಯನ್ನು.
ತಾರ್ಲೆಯಾದರೆ ಈಗಲೇ. ಬಂಗಡೆ ಆಮೇಲೆ.
ಇಸವಣ ಬರ್ಫದಲ್ಲಿ ಇನ್ನೆರಡು ತಾಸು ತಾಳೀತು.
ನಮ್ಮ ಹುಡುಗರು ಎ, ಬಿ, ಸಿ ಎಂದಲ್ಲೆಲ್ಲ
ಇಲ್ಲಿ ಮೀನಿನ ಹೆಸರು.
ಬರೆದವರದು ಮಾತ್ರ ಇಲ್ಲ.

“ಬಹುಮಾನ ಯಾರಿಗೆ? ಗಾಳಿಗೆ?” ಮೇಡಂ ಕೇಳಿದರು.
“ನಾಳೆ ಒಬ್ಬನೇ ನಲವತ್ತು ಸಲ ಬರುತ್ತಾನೆ.
ಬಾಗಿಲಿಲ್ಲದ ಮನೆಗೆ ನಾಯಿಯೂ ನೆಂಟ.”
ಸುಳ್ಳಲ್ಲ. ಸರ್ವರು ಸಾಯುವುದು ರಾತ್ರಿಯೇ,
ಎಬ್ಬಿಸಲು ಓಡುವವನು ನಾನು.

ಆದರೂ. ಒಂದೇ ಮೊಬೈಲಿನ ಮನೆಗಳು ನನಗೆ ಗೊತ್ತು.
ಅದು ಅಣ್ಣನ ಜೊತೆ ಆಳಕ್ಕೆ ಹೋಗಿರುತ್ತದೆ.
ಓಟಿಪಿ ದೇವಗಡದ ದೀಪದಾಚೆ ತಲುಪದೆ ತೇಲುತ್ತದೆ.
ಇತ್ತ ಐಸ್ ಪ್ಲ್ಯಾಂಟಿನ ಕಂಪ್ಯೂಟರಿನ ಮುಂದೆ
ಯಾರೋ ಅರವತ್ತು ಸೆಕೆಂಡು ಕರಗುವುದನ್ನು ನೋಡುತ್ತಾರೆ.
ಐಸ್ ಪ್ಲ್ಯಾಂಟು ನನ್ನ ಊಹೆ.
ಮಾಜಾಳಿಯ ವಕೀಲರ ಮಗನೂ ಇರಬಹುದು, ನಿದ್ದೆ ಬಾರದವನು.

ಅಜ್ಜ ಯೇಸು ತಾಂಡೇಲ ರಂಪಣಿಯ ಕಾಲದವ.
ಬಲೆ ಎಳೆಯುವಾಗ ದಾರಿಹೋಕ ಬಂದು ಹಗ್ಗಕ್ಕೆ ಕೈ ಹಚ್ಚಿದರೆ
ಹೆಸರು ಕೇಳುತ್ತಿರಲಿಲ್ಲವಂತೆ. ಬಲೆ ದಂಡೆ ಹತ್ತಿದ ಮೇಲೆ
ಬೊಗಸೆ ಬಂಗಡೆ ಅವನ ಪಂಚೆಯ ಚುಂಗಿಗೆ.
ಆದರೆ ಅಜ್ಜನಿಗೆ ಎದುರೇ ಇತ್ತು ತೊಯ್ದ ಕೈ.
ನನ್ನೆದುರು ಹನ್ನೊಂದು ಸಾಲು.

ಫಾರ್ಮಿನಲ್ಲಿ ಈಗ ಹೆಸರಿನ ಪಕ್ಕ ಕೆಂಪು ನಕ್ಷತ್ರವಿದೆ,
ತುಂಬದೆ ಮುಂದೆ ಬಿಡದ ನಕ್ಷತ್ರ.
ಹೇಳಿದವರು ಮೇಡಂ. ಹಾಕಿದವನು ನಾನು.

ಸೋಮವಾರ ಪಟ್ಟಿಯನ್ನು ಅಕಾರಾದಿಗೆ ಹೊಂದಿಸಿ ಪ್ರಿಂಟು ತೆಗೆದೆ.
ಕಂಪ್ಯೂಟರಿಗೆ ಖಾಲಿ ಎಂದರೆ ಅ-ಕ್ಕಿಂತ ಮೊದಲು.
ಅನಂತ ಗುನಗಿಯ ತಲೆಯ ಮೇಲೆ ಒಂದು ಬಿಳಿ ಜಾಗ,
ಅದರೆದುರು ಪೂರ್ತಿ ಅಂಕ.
ಮೇಡಂ ನೋಡಿದರು. ಏನೂ ಅನ್ನಲಿಲ್ಲ.
ಚುಚ್ಚಲು ನಾಲ್ಕನೆಯ ಪಿನ್ನು ಸಿಗಲಿಲ್ಲ,
ಕೆಳಮೂಲೆ ಕಡಲಗಾಳಿಗೆ ಪಟಪಟ ಅನ್ನುತ್ತಿದೆ.

ಮುಂದಿನ ವಾರದ ಲೆಕ್ಕ ಇನ್ನೂ ಬರೆದಿಲ್ಲ.
ನಕ್ಷತ್ರ ಅಲ್ಲೇ ಇದೆ.
ಅದನ್ನು ತೆಗೆಯುವ ಪಾಸ್‌ವರ್ಡು ನನ್ನಲ್ಲೇ ಇದೆ.