ಮೇಲಿಂದ ಓದಿದ ಕಲ್ಲು

ಬಾಣಾವರ ದಾಟಿ, ಅರಸೀಕೆರೆಗೆ ಮುಂಚೆ,
ಹೆದ್ದಾರಿ ಮಗ್ಗುಲಲ್ಲಿ ನನ್ನ ಪಂಚರ್ ಅಂಗಡಿ.
ಟ್ಯೂಬು ಮುಳುಗಿಸುವ ಬಾಂಡಲಿಗೆ ಒರಗು ಒಂದು ವೀರಗಲ್ಲು,
ಅಪ್ಪನ ಕಾಲದಿಂದ.
ಅದರ ನೆತ್ತಿ ಮೇಲೆ ಸೊಲ್ಯೂಷನ್ ಡಬ್ಬಿ, ಉಜ್ಜುವ ಅರ,
ನನ್ನ ಬೀಡಿಕಟ್ಟು.

ಮಟಮಟ ಮಧ್ಯಾಹ್ನ ಕೊಬ್ಬರಿ ಲಾರಿಯೊಂದು ಕುಂಟುತ್ತ ಬಂತು.
ಇಳಿದವನು ಹರ್ನೇಕ್ ಸಿಂಗ್. ಹದಿನಾರು ವರ್ಷದಿಂದ
ಈ ರಸ್ತೆಯ ಗುಂಡಿಗಳನ್ನೆಲ್ಲ ಹೆಸರಿಟ್ಟು ಬೈಯುವವನು.
ನಾನು ಚಕ್ರ ಬಿಚ್ಚುತ್ತಿದ್ದೆ.
ಅವನು ಕಲ್ಲಿನೆದುರು ಕುಕ್ಕರುಗಾಲಲ್ಲಿ ಕೂತ.
"ಯಾರಿದು, ಕತ್ತಿ ಹಿಡ್ಕೊಂಡೋನು?"

ಗೊತ್ತಿಲ್ಲ ಅಂದೆ. ಅಕ್ಷರ ಸವೆದಿದೆ.
ದನ ಬಿಡಿಸೋಕೆ ಹೋಗಿ ಸತ್ತನಂತೆ.
ಕೆಳಗೆ ಕಾಳಗ, ನಡುವೆ ಸ್ವರ್ಗಕ್ಕೊಯ್ಯುವ ಹೆಂಗಸರು,
ಮೇಲೆ ಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ ನೋಡು.
ಕೆಳಗಿಂದ ಓದಬೇಕು.

ಗಡ್ಡ ಕೆರೆದುಕೊಂಡ.
"ನಮ್ಮ ಲಖ್ಮೀರಜ್ಜನ್ನ ಮೇಲಿಂದ ಓದಬೇಕು."

ಆರನೇ ಗುರುವಿನ ಕಾಲವಂತೆ. ಲಾಯದ ಕುದುರೆಗಳಿಗೆ
ಹುಲ್ಲು ಕೊಯ್ಯುವ ಕೆಲಸ.
ಕುಡುಗೋಲಿನ ಒಂದೆಳೆತಕ್ಕೆ ಒಂದು ನಾಮ;
ಹೊರೆ ಕಟ್ಟುವಾಗ ಲೆಕ್ಕ ತಪ್ಪುತ್ತಿತ್ತು,
ಹುಲ್ಲಿನದೂ, ನಾಮದ್ದೂ.
ಒಂದು ನಸುಕಿನಲ್ಲಿ ದಂಡು ಬಂತು.
ಇದ್ದ ಕತ್ತಿಗಳು ಬೇರೆಯವರಿಗೇ ಸಾಲದೆ
ಅವನ ಪಾಲಿಗೆ ಉಳಿದದ್ದು ಅದೇ ಕುಡುಗೋಲು.
ಎಳೆತ ಬದಲಾಗಲಿಲ್ಲ. ನಾಮವೂ.
ಕೊಯ್ದದ್ದು ಹುಲ್ಲಲ್ಲ ಅನ್ನುವುದೊಂದೇ
ದಿನವಿಡೀ ಅವನ ಕೈ ನಡುಗಿಸಿತು.
ಸಂಜೆಗೆ ನಡುಕ ನಿಂತಿತು.

"ಮತ್ತೆ, ಇವರು ಬರಲಿಲ್ವ?" ಅಂದೆ,
ನಡುವಿನ ಹೆಂಗಸರಿಗೆ ಸ್ಪ್ಯಾನರ್ ತೋರಿಸಿ.
ನಕ್ಕ. ಆಮೇಲೆ ನಗಲಿಲ್ಲ.
"ಅಜ್ಜನಿಗೆ ಯಾರೂ ಬರ್ಲಿಲ್ಲ.
ಒಂದು ಕುದುರೆ ಬಂತು, ವಾಸನೆ ಹಿಡ್ಕೊಂಡು.
ಸೊಂಟಕ್ಕೆ ಸಿಕ್ಕಿಸಿದ್ದ ಹುಲ್ಲಿನ ಪಿಡಿ ಮೇಯ್ತು.
ಬೆಳಗಾಗೋವರೆಗೂ ಅಲ್ಲೇ ನಿಂತಿತ್ತು."

ಬಾಂಡಲಿಯ ಎಣ್ಣೆನೀರಲ್ಲೇ ಕಲ್ಲು ತೊಳೆದ.
ಕೊಳೆ ಹೋಗಲಿಲ್ಲ, ಜಾಗ ಬದಲಾಯಿಸಿತು.
ಎರಡು ಪಂಚರಿಗೆ ಒಂದರ ದುಡ್ಡು ಕೊಟ್ಟು ಹತ್ತಿದ.
ತಿಪಟೂರಿನ ಕಡೆಗೆ ಹೊಗೆ ಎದ್ದ ಮೇಲೆ ನನಗೆ ನೆನಪಾಯಿತು.

ಈಗ ಡಬ್ಬಿ ಗೂಟಕ್ಕೆ ತೂಗುತ್ತದೆ. ಬೀಡಿ ಜೇಬಿನಲ್ಲಿ.
ಒಮ್ಮೊಮ್ಮೆ ಗಿರಾಕಿ ಇಲ್ಲದಾಗ
ಮೇಲಿಂದ ಕೆಳಕ್ಕೆ ನೋಡುತ್ತೇನೆ:
ಕೈಮುಗಿದವನೇ ಎದ್ದು ಹೋಗಿ ಸಾಯುತ್ತಾನೆ.
ನಿನ್ನೆ ಕಲ್ಲಿನ ಬುಡದ ಗರಿಕೆ ಕೀಳಲು ಕೈ ಹೋಯಿತು.
ಬಿಟ್ಟೆ.
ಇರಲಿ,
ಯಾವುದಾದರೂ ಕುದುರೆ ಬಂದೀತು.